ಮೊದಲನೆಯದು ಸಾಯುವ ತನಕ

ಬೆಳಗಿನ ಜಾವ ಮೂರಕ್ಕೆ ಬಾಷಾನಗರದ ನಮ್ಮ ಓಣಿಯಲ್ಲಿ
ಎರಡೇ ಬೆಳಕು: ಮಂಡಕ್ಕಿ ಭಟ್ಟಿಯದು, ನನ್ನ ಲ್ಯಾಪ್‌ಟಾಪಿನದು.
ಅಲ್ಲಿ ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ,
ಇಲ್ಲಿ ನಾನು ಪರದೆಯ ಮೇಲೆ ಇನ್ನೂರು ಚುಕ್ಕಿ ಚೆಲ್ಲುತ್ತೇನೆ.
ಅಲ್ಲಿಯದು ರೆಪ್ಪೆ ಬಡಿಯುವುದರೊಳಗೆ ಅರಳುತ್ತದೆ.
ನನ್ನದು ಅರಳುವುದಿಲ್ಲ. ಒಂದೊಂದಾಗಿ ಆರುತ್ತದೆ.

ಚುಕ್ಕಿ ಅಂದರೆ ನೋಡ್. ಧೂಳಿನ ಕಣಕ್ಕಿಂತ ಸಣ್ಣದು.
ಇನ್ನೂ ಯಾರ ಎದೆಗೂ ಇಳಿದಿಲ್ಲ, ಲೆಕ್ಕದಲ್ಲಷ್ಟೇ ಇದೆ:
ಶ್ವಾಸಕೋಶದ ಗೋಡೆಗೆ ಅಂಟಿ ಕೂತು
ಹೊಗೆ ಎಷ್ಟು, ಮಸಿ ಎಷ್ಟು
ಹೊರಗಿನವರಿಗೆ ಹೇಳಿಕಳಿಸಬೇಕು.
ಬ್ಯಾಟರಿ ಇಲ್ಲ. ಕೂದಲು ಸೀಳಿದಷ್ಟು ತೆಳ್ಳನೆ ತಂತಿ
ಎದೆ ಬಡಿದಾಗಲೆಲ್ಲ ಬಾಗುತ್ತದೆ,
ಬಾಗಿದ್ದಕ್ಕೆ ಕೂಲಿ, ಒಂದು ಚಿಟಿಕೆ ಕರೆಂಟು.
ಎರಡೂವರೆ ಸಾವಿರ ಬಡಿತ ಕೂಡಿಟ್ಟರೆ
ಒಂದು ಮಾತಿಗಾಗುತ್ತದೆ.
ಒಂದೇ ಮಾತು.

ಅದೂ ದೂರ ಹೋಗುವುದಿಲ್ಲ.
ಒಳಗೆಲ್ಲ ತೇವ, ತೇವ ಅದನ್ನು ಕುಡಿದುಬಿಡುತ್ತದೆ.
ಕೂಗಿದರೆ ಕೂಗಿದ್ದೇ ಖಾಲಿ.
ಪಕ್ಕದ ಕಿವಿಗೆ ಪಿಸುಗುಟ್ಟಬೇಕು, ಅದು ತನ್ನ ಪಕ್ಕದ್ದಕ್ಕೆ.

"ಹತ್ತಿರದ ದಾರಿ ಹಿಡಿಯಮ್ಮ" ಅಂದರು ಹಾಲಸ್ವಾಮಿ ಸರ್.
ಹಿಡಿದೆ. ಎಲ್ಲರ ಮಾತೂ ಒಂದೇ ಕಡೆ ನುಗ್ಗಿತು,
ಅಶೋಕ ಟಾಕೀಸ್ ಗೇಟು ತೆರೆದಾಗಿನ ಹಾಗೆ.
ಬಾಗಿಲ ಬಳಿಯ ಏಳನೇ ನೋಡ್
ತನ್ನದೊಂದು ಮಾತೂ ಆಡದೆ
ಊರವರದ್ದು ಹೊತ್ತೂ ಹೊತ್ತೂ
ಮುನ್ನೂರ ಹನ್ನೆರಡನೇ ಸುತ್ತಿಗೆ ಸತ್ತಿತು.
ಉಳಿದವು ಬದುಕೇ ಇದ್ದವು, ಮಾತಾಡುತ್ತಲೂ ಇದ್ದವು.
ಯಾರಿಗೂ ಕೇಳಿಸಲಿಲ್ಲ.

ಭಟ್ಟಿಗೆ ಟೀ ಒಯ್ದ ದಿನ ನಿಂತು ನೋಡಿದೆ.
ಬಾಣಲೆಯಿಂದ ಉಗ್ರಾಣದವರೆಗೆ ಐದು ಜನ ಹೆಂಗಸರು,
ಬುಟ್ಟಿ ಕೈಯಿಂದ ಕೈಗೆ.
ಇಪ್ಪತ್ತು ಬುಟ್ಟಿಗೊಮ್ಮೆ ಕೊಟ್ರವ್ವ "ಹ್ಞೂಂ, ಜರುಗ್ರೇ" ಅಂತಾಳೆ.
ಬೆಂಕಿ ಪಕ್ಕದವಳು ಬಾಗಿಲಿಗೆ, ಗಾಳಿಗೆ.
ಮಿಕ್ಕವರು ಒಂದೊಂದು ಹೆಜ್ಜೆ ಬೆಂಕಿಯ ಕಡೆಗೆ.
ಯಾರಿಗೆ ಕೆಮ್ಮು ಜಾಸ್ತಿಯೋ ಅವಳಿಗೆ ಆ ಸರದಿ ಮಾಫಿ.
ಇದನ್ನು ಯಾರೂ ಬರೆದಿಟ್ಟಿರಲಿಲ್ಲ.
ನಾನು ಬರೆದೆ, ಹನ್ನೊಂದು ಸಾಲು
(ಒಂದು ಅಲ್ಪವಿರಾಮ ತಪ್ಪಿ ಎರಡು ದಿನ ಹೋಯಿತು):
ಉಳಿದ ಕಸುವು ನೋಡಿ ದಾರಿ ಬದಲಿಸು,
ಸೋತದ್ದನ್ನು ಮಲಗಲು ಬಿಡು.

ಸಾವಿರದ ನೂರ ನಲವತ್ತು ಸುತ್ತು!
ಸರ್ ಕನ್ನಡಕ ತೆಗೆದು ಒರೆಸಿದರು.
"ಆಯುಸ್ಸು ಅಂದರೆ ಏನಂತ ಹಾಕಿದ್ದೀ?"
"ಮೊದಲನೆಯದು ಸಾಯುವ ತನಕ, ಸರ್."
"ಅರ್ಧ ಸಾಯುವ ತನಕ ಅಂತ ಹಾಕು. ಅಂಕಿ ಇನ್ನೂ ದೊಡ್ಡದು ಬರುತ್ತೆ.
ಎಷ್ಟೋ ಜನ ಹಾಗೇ ಹಾಕ್ತಾರೆ, ತಪ್ಪೇನಲ್ಲ."

ತಪ್ಪೇನಲ್ಲ.
ಹೋದ ವರ್ಷ ಜೈಬುನ್ನಿ ಖಾಲಾ ತೀರಿಹೋದಾಗ
ಆರು ಇದ್ದ ಸಾಲು ಐದಾಯಿತು,
ಕೈ ಕೈ ನಡುವೆ ಒಂದು ಮೊಳ ಹೆಚ್ಚಾಯಿತು.
ಚೀಲದ ಲೆಕ್ಕ ಕಡಿಮೆಯಾಗಲಿಲ್ಲ.
ಮಾಲೀಕರ ಪುಸ್ತಕದಲ್ಲಿ ಭಟ್ಟಿ ಒಂದು ದಿನವೂ ನಿಂತಿಲ್ಲ.

ಅಂಕಿ ಹಾಗೇ ಬಿಟ್ಟೆ.
ಸರ್ ಒಂದು ಗಳಿಗೆ ನನ್ನ ಮುಖ ನೋಡಿ ಸಹಿ ಹಾಕಿದರು,
ಪೆನ್ನು ಬರದೆ ಅಂಚಿನಲ್ಲಿ ಎರಡು ಸಲ ಗೀಚಿ.

ಸಂಜೆ ಅಮ್ಮಿ ಹೊಸ್ತಿಲಲ್ಲಿ ಕೂತು ಸೆರಗಿನ ಮರಳು ಕೊಡವುತ್ತ
"ಅಷ್ಟು ಸಣ್ಣದು ಎದೆಯೊಳಗೆ ಕೂತು ಏನು ಹೇಳುತ್ತೇ?"
"ಹೊಗೆ ಎಷ್ಟು ತುಂಬಿದೆ ಅಂತ."
ನಕ್ಕಳು. ನಗು ನಡುವೆಯೇ ಕೆಮ್ಮಾಯಿತು,
ಕೆಮ್ಮು ಗೋಡೆ ದಾಟಿತು,
ಗೋಡೆಯಾಚೆಯಿಂದ ಹನುಮಕ್ಕ:
"ನೀರು ಕುಡಿಯೇ.
ನಾಳೆ ಬೆಂಕಿ ಹತ್ರ ನಾನು ನಿಲ್ತೀನಿ."